ಬಲ ಹೆಗಲು

ಇಪ್ಪತ್ತಾರು ವರ್ಷ ಬಣ್ಣ ಬಳಿದ ಕೈ.
ತಪ್ಪಿದರೆ ಮೇಲೊಂದು ಪದರ, ಅಷ್ಟೆ.
ಈಗ ಸಿಲ್ವರ್ ಓಕ್ ಹಲಗೆಗೆ ಉಳಿ ಹಿಡಿದರೆ
ತಪ್ಪಿಗೆ ಹೊದಿಕೆಯೇ ಇಲ್ಲ:
ಕೆತ್ತಿದ್ದು ಹೋಯಿತು, ಬಿಟ್ಟದ್ದೇ ಕಪ್ಪು.

ಅಮ್ಮತ್ತಿಯ ಕಾಫಿ ಗೋದಾಮಿನ ಮೂಲೆ.
ಎದುರಿಗೆ ದೇಚವ್ವ ಮಾವಿಯ ಹಳೆಯ ಫೋಟೊ.
ಮೂಗಿಗೆ ಎರಡು ದಿನ,
ಜೋಮಾಲೆಯ ಗುಂಡುಗಳಿಗೆ ಒಂದು ವಾರ,
ಹೆಬ್ಬೆರಳಿಗೆ ಮೂರು ಪಟ್ಟಿ.
ಮರದ ಗಂಟಿನ ಹತ್ತಿರ ಉಳಿ ಜಾರಿ
ಗದ್ದದಲ್ಲೊಂದು ಗೀರು; ಗೊಣಗಿ ಸುಮ್ಮನಾದೆ.

ವಿರಾಜಪೇಟೆಯಲ್ಲಿ ಬಾಗಿಲು ಹಾಕಿದ ಪ್ರೆಸ್ಸಿನಿಂದ
ಅರ್ಧ ಡಬ್ಬಿ ಮಸಿ.
ರೋಲರಿನ ಚರಚರ ಒಗ್ಗರಣೆಯ ಹಾಗೆ ಕೇಳಿದರೆ
ಹದ ಬಂತು ಅಂದಿದ್ದರು ಅಲ್ಲಿಯ ಮುದುಕರು.
ಕಾಗದ ಹಾಸಿ, ಮರದ ಸೌಟಿನ ಬೆನ್ನಿಂದ
ಉಜ್ಜಿದೆ, ಉಜ್ಜಿದೆ,
ಒಂದು ಅಂಚು ಹಿಡಿದು ಮೆಲ್ಲಗೆ ಎತ್ತಿದೆ.

ಅಯ್ಯೋ, ಸೆರಗು!
ಬಲ ಹೆಗಲ ಮೇಲೆ ಕೆತ್ತಿದ್ದು ಎಡಕ್ಕೆ ಹೋಗಿದೆ.
ಕೊಡವ ಸೀರೆ ಹೀಗೆ ಯಾರು ಉಡುತ್ತಾರೆ?
ಹಲಗೆ ಒಲೆಗೆ, ಅಂದುಕೊಳ್ಳುವಷ್ಟರಲ್ಲಿ
ಮಾವಿಯೇ ಬಂದರು, ಕೈಯಲ್ಲಿ ಬೆಲ್ಲದ ಕಾಫಿ.

ನನ್ನ ಐದು ತೈಲಚಿತ್ರಗಳ ಮುಂದೆ ನಿಂತು
"ಚೆನ್ನಾಗಿದೆ, ಆದರೆ ನಾನಲ್ಲ" ಅಂದವರು
ಹಸಿ ಮಸಿಯ ಹತ್ತಿರ ಬಗ್ಗಿ, ಕನ್ನಡಕ ಸರಿಸಿ,
ತಮ್ಮ ಬಲ ಹೆಗಲಿನ ಪಿನ್ನು ಮುಟ್ಟಿ ನೋಡಿಕೊಂಡು
"ಹಾಂ, ಇವಳೇ.
ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಎದುರಾಗುವವಳು.
ಗದ್ದದ ಗಾಯ ಮಾತ್ರ ನಿನ್ನದು."

ಕಾಫಿ ಲೋಟ ಹಲಗೆಯ ಮೇಲೇ ಇಟ್ಟು ಹೋದರು.
ಎರಡನೆಯ ಪ್ರತಿಯಲ್ಲಿ
ಕೆನ್ನೆಗೊಂದು ಉಂಗುರ.