ಕಚ್ಚಾ ಹೊಲಿಗೆ

ಮೇಯರ್ ಗೌನಿಗೆ ಎರಡು ಅಳತೆ ಬರೆದಿಟ್ಟುಕೊಂಡಿದ್ದೆ.
ಸುಗುಣಾ ರಾಜಶೇಖರ್: ಭುಜ ಹದಿನೈದೂವರೆ, ಉದ್ದ ಐವತ್ತನಾಲ್ಕು.
ಹೇಮಲತಾ ಕಾಂತರಾಜು: ಭುಜ ಹದಿನಾಲ್ಕು,
ಉದ್ದ ಮಾತ್ರ ಆಮೇಲೆ, ಚಪ್ಪಲಿ ಯಾವುದೆಂದು ನೋಡಿ.

ಇಬ್ಬರ ಮನೆಯಿಂದಲೂ ಒಂದೇ ರಾತ್ರಿ ಫೋನು,
ಇಬ್ಬರದೂ ಒಂದೇ ಮಾತು: 'ಆ ಕಡೆಯವರಿಗೆ ಹೇಳಬೇಡಿ.'
ಶಿವರಾಂಪೇಟೆಯ ಈ ಹತ್ತಡಿ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಇಂಥ ಗುಟ್ಟು ಹೊಲಿಯುತ್ತಿದ್ದೇನೆ,
ಒಂದು ಎಳೆ ಹೊರಗೆ ಇಣುಕಿಲ್ಲ.

ಗೌನು ಒಂದೇ. ಕೊರಳು ವರ್ಷಕ್ಕೊಂದು.
ಅಪ್ಪ ಅನ್ನುತ್ತಿದ್ದ: ಒಳಗೆ ಬಟ್ಟೆ ಬಿಡೋ ಪಾಂಡು,
ಕಾಣದ ಹಾಗೆ ಬಿಟ್ಟದ್ದೇ ದರ್ಜಿಯ ಮರ್ಯಾದೆ.
ಅಂಚು ಬಿಚ್ಚಿದರೆ ಸಾಲು ಸಾಲು ಸೂಜಿಕಂಡಿ.
ಇಲ್ಲೊಬ್ಬ ಗರಡಿ ಪೈಲ್ವಾನ, ಇಲ್ಲೊಬ್ಬ ವಕೀಲ,
ಇಲ್ಲಿ, ಹನ್ನೊಂದೇ ತಿಂಗಳಿದ್ದು
ಕೊರಳ ಸರ ಹಿಂದಿರುಗಿಸುವಾಗ ಅತ್ತವರು.
ಮಡಿಕೆಯೊಳಗಿನ ಬಣ್ಣ ಇನ್ನೂ ಕುಂಕುಮ,
ಹೊರಗಿನದು ಬಿಸಿಲು ತಿಂದ ಇಟ್ಟಿಗೆ.

ಬೆಳಿಗ್ಗೆ ಎರಡು ಬಸ್ಸು ಸಯ್ಯಾಜಿರಾವ್ ರಸ್ತೆಗೆ ತಿರುಗಿದವು,
ಒಂದು ಮಡಿಕೇರಿ ಕಡೆಯದು, ಒಂದು ಎಲ್ಲಿಯದೋ.
ಐದು ದಿನ ಫೋನು ಕಿತ್ತಿಟ್ಟು ಕಾಪಾಡಿದ ಸದಸ್ಯರು
ದಿಬ್ಬಣದವರ ಹಾಗೆ ಇಳಿದರು,
ಒಬ್ಬರನ್ನೊಬ್ಬರು ಎಣಿಸಿಕೊಳ್ಳುತ್ತ.
ಮಾರ್ಕೆಟ್ಟಿನ ಹೂವಿನವರು ಜಾಣರು,
ಎರಡೂ ಕಡೆ ಮುಂಗಡ ಹಿಡಿದು
ಒಂದೇ ಹಾರ ಕಟ್ಟಿದ್ದರು.
ನಾನೂ ಲೆಕ್ಕ ನೋಡಿ
ಸುಗುಣಮ್ಮನವರ ಅಳತೆಗೇ ಕಚ್ಚಾ ಹಾಕಿದ್ದೆ.

ಹತ್ತೂಕಾಲಕ್ಕೆ ಒಳಗೆ ಗದ್ದಲ.
ಸುಗುಣಮ್ಮನವರ ಜಾತಿ ಪ್ರಮಾಣಪತ್ರದಲ್ಲಿ
ಒಂದು ಸಹಿ ಕಮ್ಮಿ. ನಾಮಪತ್ರ ಬಿತ್ತು.
ಆಗ ಎಲ್ಲರ ಕಣ್ಣು ಹುಡುಕಿದ್ದು ಹಿಂದಿನ ಸಾಲಿನ ಮೂಲೆ:
ಯಾವುದಕ್ಕೂ ಇರಲಿ ಅಂತ ಡಮ್ಮಿ ಹಾಕಿಸಿದ್ದ ಚಿಕ್ಕತಾಯಮ್ಮ.

ಇಲ್ಲಿ ಪೆಟ್ಟಿಗೆಯಿಲ್ಲ, ಚೀಟಿಯಿಲ್ಲ, ಬೆರಳಿಗೆ ಮಸಿಯಿಲ್ಲ.
ಕೈ ಎತ್ತಬೇಕು, ಅಷ್ಟೆ.
ನಾನು ಬಾಗಿಲ ಸಂದಿಯಲ್ಲಿ, ತೋಳ ಮೇಲೆ ಗೌನು, ಬಾಯಲ್ಲಿ ಗುಂಡುಸೂಜಿ.
ಮಿಕ್ಕವರು ಕೈ ಎಣಿಸುತ್ತಾರೆ, ನಾನು ಕಂಕುಳು ನೋಡುತ್ತೇನೆ.
ಮನಸ್ಸಿಟ್ಟು ಎತ್ತಿದ ಕೈ ತೋಳಿನ ಹೊಲಿಗೆಯನ್ನೆಲ್ಲ ಜಗ್ಗುತ್ತದೆ.
ಹೇಳಿಸಿಕೊಂಡು ಎತ್ತಿದ್ದು ಮೊಣಕೈಯಲ್ಲೇ ನಿಲ್ಲುತ್ತದೆ,
ದಾರಕ್ಕೆ ಏನೂ ಆಗುವುದಿಲ್ಲ.
ಅವತ್ತು ಯಾರ ದಾರಕ್ಕೂ ಏನೂ ಆಗಲಿಲ್ಲ.

ಅವರೋ, ತನಗೆ ತಾನೇ ಹೇಗೆ ಎತ್ತುವುದೆಂದು
ತಲೆ ತಗ್ಗಿಸಿ ಕೂತಿದ್ದರು.
ಪಕ್ಕದಾಕೆ ತಿವಿದ ಮೇಲೆ ಎತ್ತಿದರು.
ಎತ್ತಿದ್ದು ಎತ್ತಿದ ಹಾಗೆ ಇತ್ತು, ಪೂರ್ತಿ,
ಶಾಲೆಯಲ್ಲಿ ಉತ್ತರ ಗೊತ್ತಿರುವ ಮಗುವಿನ ಹಾಗೆ.
ರವಿಕೆಯ ಕಂಕುಳಲ್ಲಿ ಒಂದು ಹೊಲಿಗೆ ಬಿಟ್ಟಿತು.
ಕೇಳಿಸಿತೆಂದರೆ ಸುಳ್ಳಾದೀತು. ಕಂಡಿತು.

ಎರಡು ಕೈಯ ಗೆಲುವು.
ಹೊರಗೆ ಪಟಾಕಿ, ಚಿಕ್ಕ ಗಡಿಯಾರದ ಪಾರಿವಾಳಗಳು ದಿಕ್ಕಾಪಾಲು.
ಒಳಕೋಣೆಯಲ್ಲಿ ನನಗೆ ಹತ್ತು ನಿಮಿಷ.
ಗೌನು ಅವರ ಮೇಲೆ ನಿಲ್ಲಲಿಲ್ಲ, ಸುರಿಯಿತು.
ಚಪ್ಪಲಿ ಬಿಟ್ಟು ಸ್ಟೂಲು ಹತ್ತಿ ನಿಂತರು.
ಅಗರಬತ್ತಿ ಹೊಸೆದ ಬೆರಳು;
ಬಿಟ್ಟು ಹತ್ತು ವರ್ಷವಾದರೂ ಗೆರೆಯಲ್ಲಿ ಇದ್ದಿಲು.
ಬಾಗಿಲಾಚೆ ಯಾರೋ: 'ಬರೆದುಕೊಟ್ಟದ್ದು ಓದಿದರೆ ಸಾಕು ಮೇಡಂ.'
ನಾನು ಕತ್ತರಿ ತೆಗೆದೆ.

'ಕತ್ರುಸ್ಬೇಡಿ ಕಣಣ್ಣ, ಮಡುಸಿ.
ಮುಂದ್ಲೊರ್ಸ ಎತ್ರುದೋರು ಬಂದಾರು.'

ನನ್ನಪ್ಪನ ಮಾತು ಇವರಿಗೆ ಯಾರು ಹೇಳಿದರು?
ಮಂಡಿಯೂರಿ ಸುತ್ತಲೂ ಟಾಕಿ ಹಾಕಿದೆ,
ಬಾಯಲ್ಲಿ ಸೂಜಿಯಿತ್ತು, ಅಭಿನಂದನೆ ಹೇಳಲಾಗಲಿಲ್ಲ.
ಅವರು ಅಂಚನ್ನು ಎರಡು ಬೆರಳಲ್ಲಿ ಎತ್ತಿಕೊಂಡು
ಮೋರಿ ದಾಟುವವರ ಹಾಗೆ
ಕ್ಯಾಮೆರಾಗಳತ್ತ ಹೋದರು.

ಹೋದ ವರ್ಷದ ನೂರೆಂಬತ್ತು ರೂಪಾಯಿ
ಇನ್ನೂ ಲೆಕ್ಕಶಾಖೆಯಲ್ಲಿದೆ.
ರಾತ್ರಿ ಪುಸ್ತಕ ತೆರೆದು ಎರಡು ಹೆಸರು ಹೊಡೆದು ಬರೆದೆ:
ಚಿಕ್ಕತಾಯಮ್ಮ. ಭುಜ ಹದಿಮೂರು. ಉದ್ದ ನಲವತ್ತಾರು.
ಒಳಗೆ ಬಿಟ್ಟದ್ದು, ಎಂಟು.