ಸೀನೋ, ಕೆಮ್ಮೋ

ಮೋನಪ್ಪಾಚಾರ್ ಕಿವಿ ಹೋಗಿ ಒಂಬತ್ತು ವರ್ಷ.
ಹಾಸನದ ಸಂತೆಪೇಟೆಯಲ್ಲಿ ಈಗಲೂ
ಗಾಡಿ ಕೆಟ್ಟರೆ ಜನ ಕೇಳುವುದು ಅವರನ್ನೇ.
ಅವರು ಕೇಳುವುದು ನನ್ನನ್ನು.
'ಬಾರೇ ಇಲ್ಲಿ, ಕಿವಿ' ಅಂತಲೇ ಕರೆಯುತ್ತಾರೆ,
ತಿಂಗಳಿಗೆ ಆರು ಸಾವಿರ, ಮಧ್ಯಾಹ್ನ ಊಟ.

ಮೇ ತಿಂಗಳು. ಬಿತ್ತನೆ ಆಲೂಗಡ್ಡೆ ಲಾರಿಗಳ ಸಂದಿಯಲ್ಲಿ
ನುಸುಳಿ ಬಂದ ದುದ್ದದ ಜವರಯ್ಯ,
ಮಂಡಿಯಲ್ಲಿ ಮೂಟೆ ತೂಗುವವನು,
ಹಳೇ ಕ್ರಕ್ಸ್ ಮೇಲೆ.
ಆಕ್ಸಿಲರೇಟರ್ ಬಿಟ್ಟದ್ದೇ ಢಬಾರ್!
ಎದುರು ಗೋದಾಮಿನ ಶೀಟಿನಿಂದ ಪಾರಿವಾಳಗಳೆದ್ದವು.
ಆಚಾರ್ ತಲೆ ಎತ್ತಿದ್ದು ಪಾರಿವಾಳ ನೋಡಿ.

'ಸೀನೋ, ಕೆಮ್ಮೋ?'
ಸೀನು ಅಂದರೆ ಕಾರ್ಬೊರೇಟರ್, ಕೆಮ್ಮು ಅಂದರೆ ಸೈಲೆನ್ಸರ್.
ಎರಡೂ, ಅಂತ ಎರಡು ಬೆರಳು ತೋರಿಸಿದೆ.
ಇಳಿಜಾರಲ್ಲಿ ಕೆಮ್ಮು, ನಿಂತಲ್ಲಿ ಸೀನು.

ಜವರಯ್ಯ ನನಗೇ ದೂರು ಕೊಟ್ಟ:
'ಒಬ್ಬ ಪ್ಲಗ್ ಹಾಕ್ದ, ಒಬ್ಬ ಸಿಡಿಐ ಹಾಕ್ದ,
ಇನ್ನೊಬ್ಬ ಮಾರ್ಬುಡು ಅಂದ.
ಮೊನ್ನೆ ಸಾವಿನ ಮನೆ ಮುಂದೆ ಢಂ ಅಂತು ನೋಡವ್ವ,
ಅಳ್ತಿದ್ದೋರು ಅಳೋದ್ ಬುಟ್ಟು ನನ್ನೇ ನೋಡುದ್ರು.'

ಸೀಟಿನ ಮೇಲೆ ಒಂದು ಲೋಟ ಟೀ ಇಟ್ಟರು ಆಚಾರ್.
ಕುಡಿಯಲಿಕ್ಕಲ್ಲ.
ಎಂಜಿನ್ ಓಡುತ್ತಿದ್ದಂತೆ ಟೀಯೊಳಗೆ ಉಂಗುರ,
ಒಂದು, ಎರಡು, ಮೂರು, ಆಮೇಲೆ
ಯಾರೋ ಕಲ್ಲೆಸೆದ ಹಾಗೆ ಎಲ್ಲ ಕಲಸಿಹೋಗಿ
ಮತ್ತೆ ಒಂದು.

ಸೈಲೆನ್ಸರ್ ಬಾಯಿಗೆ ಅಂಗೈ ಒಡ್ಡಿದರು.
ಸ್ಕ್ರೂಡ್ರೈವರ್ ಹಿಡಿಯನ್ನು ದವಡೆಗೊತ್ತಿ
ತುದಿಯನ್ನು ಎಂಜಿನ್ ಮೇಲಿಟ್ಟು ಕೂತರು ಸುಮಾರು ಹೊತ್ತು.
ಪ್ಲಗ್ ಬಿಚ್ಚಿದರೆ ಸುಟ್ಟ ಸುಣ್ಣದ ಬಿಳುಪು.
'ಹಸ್ಕೊಂಡಿದೆ' ಅಂದರು.
ಚೋಕ್ ಎಳೆದರು: ಉಂಗುರಗಳು ಸಾಲಾದವು.
ಬಿಟ್ಟರು: ಕಲಸಿದವು.

ಪೈಲಟ್ ಜೆಟ್ ಬಿಚ್ಚಿ
ಬ್ರೇಕ್ ಕೇಬಲ್ಲಿನ ಒಂದೇ ಎಳೆ ತೂರಿಸಿ
ಬಿಸಿಲಿಗೆ ಹಿಡಿದರು. ಸಾಸಿವೆಗಿಂತ ಸಣ್ಣ ಆಕಾಶ.
ಅದೇ ಕಾಯಿಲೆ ಅಂದುಕೊಂಡೆವು. ಜೋಡಿಸಿದೆವು.
ತಣ್ಣಗಿದ್ದಾಗ ಸರಿ ಓಡಿತು.
ಹತ್ತು ನಿಮಿಷಕ್ಕೆ
ಪಾರಿವಾಳ.

ಸ್ಕ್ರೂ ಒಳಗೆ ತಿರುಗಿಸಿದರು, ಹೊರಗೆ ತಿರುಗಿಸಿದರು.
ಆಚಾರ್ ಸುಮ್ಮನೆ ಬೀಡಿ ಹುಡುಕಿಕೊಂಡರು.
ಅವರು ಸೋತಾಗ ಹೀಗೇ, ಇಲ್ಲದ ಜೇಬು ತಡವುತ್ತಾರೆ.

ಆಗ ನನಗೆ ಇನ್ನೊಂದು ಕೇಳಿಸಿತು.
ಢಬಾರಿನ ಹಿಂದೆ ಅಡಗಿಕೊಂಡದ್ದು, ತೆಳ್ಳಗಿನದು,
ಬಿಸಿಯಾದ ಮೇಲಷ್ಟೇ ಬರುವುದು.
ಹೆಸರಿಲ್ಲ ಅದಕ್ಕೆ. ಹೇಗೆ ಹೇಳಲಿ?
ಮಂಡಿಯ ತರಚು ಗಾಯ ತೋರಿಸಿದೆ,
ಅದರ ಮೇಲೆ ಅಯೋಡಿನ್ ಸುರಿದಂತೆ ಮಾಡಿ
ಹಲ್ಲು ಕಚ್ಚಿ ಉಸಿರೆಳೆದುಕೊಂಡೆ.

ಆಚಾರ್ ಮುಖ ಅರಳಿತು.
'ಒಳಕ್ಕಾ? ಹೊರಕ್ಕಾ?'
ಒಳಕ್ಕೆ.

ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಒಂದು ರಬ್ಬರ್ ಕುತ್ತಿಗೆ.
ಅದರ ಸುತ್ತ ಸೋಪಿನ ನೀರು ತೊಟ್ಟಿಕ್ಕಿಸಿದರು.
ಮೇಲೆ ಏನಿಲ್ಲ. ಬಲಕ್ಕೆ ಏನಿಲ್ಲ.
ಕೆಳಗೆ, ಯಾರೂ ಬಗ್ಗಿ ನೋಡದ ಕಡೆ,
ನೊರೆ ಗುಳ್ಳೆಯಾಗಲಿಲ್ಲ. ಒಳಗೆ ಸರಿಯಿತು.
ಕೂದಲಷ್ಟು ಬಿರುಕು. ತಣ್ಣಗಿದ್ದರೆ ತುಟಿ ಮುಚ್ಚಿರುತ್ತದೆ,
ಕಾದರೆ ಬಿಡುತ್ತದೆ.

ಹೆಬ್ಬೆರಳು ಒತ್ತಿ ಹಿಡಿದರು,
ಸುಡುತ್ತಿದ್ದರೂ.
ಟೀ ಲೋಟದಲ್ಲಿ ಉಂಗುರದ ಒಳಗೆ ಉಂಗುರದ ಒಳಗೆ ಉಂಗುರ.

ಬಿ.ಎಂ. ರಸ್ತೆಯ ಅಂಗಡಿಯಿಂದ ಹೊಸ ರಬ್ಬರ್, ನೂರಾ ಎಂಬತ್ತು.
ಜವರಯ್ಯ ಎರಡು ಸಲ ಚೌಕಾಸಿ ಮಾಡಿ,
ಡಿಕ್ಕಿಯಿಂದ ನಾಲ್ಕು ಆಲೂಗಡ್ಡೆ ಇಟ್ಟು ಹೊರಟ.
ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ.

ಆಚಾರ್ ಗೋದಾಮಿನ ಶೀಟು ನೋಡುತ್ತ ನಿಂತರು.
ಪಾರಿವಾಳಗಳು ಕೂತೇ ಇದ್ದವು.
ಆರಿದ ಟೀ ಗುಟುಕರಿಸಿ, 'ಹೆಂಗ್ ಹೋಯ್ತು?' ಅಂದರು.
'ಏನೂ ಕೇಳಿಸಲಿಲ್ಲ' ಅಂದೆ, ಕೈಯಾಡಿಸಿ.
'ನಂಗೂ' ಅಂದರು.