ಒಳಮಡಿಕೆ

ಕೌಲ್ ಬಜಾರಿನ ಕಟಿಂಗ್ ಮಾಸ್ತರ ವಿಠೋಬಾ
ಮಗಳನ್ನು ಕುರ್ಚಿಗೆ ಹತ್ತಿಸಿ ಪಕ್ಕಕ್ಕೆ ನಿಂತರು,
ಉಗುರ ಸಂದಿಯಲ್ಲಿ ಜೀನ್ಸಿನ ನೀಲಿ.
"ಇನ್ನೂ ಬರದ ಹಲ್ಲಿಗೆ ಅಳತಿ ಹೆಂಗ ತಗೀತೀರಿ?"

ಇಂದ್ರಾಯಣಿಗೆ ಒಂಬತ್ತು.
ಅಚ್ಚು ತೆಗೆಯುವಾಗ ಓಕರಿಸಿದಳು, ಕಣ್ಣಲ್ಲಿ ನೀರು.
ಆಮೇಲೆ ತನ್ನದೇ ದವಡೆ ಬಿಳಿ ಪ್ಲಾಸ್ಟರಿನಲ್ಲಿ ಕಂಡು
"ಇದು ಕಚ್ತೈತೇನು?"

ಕೆಳಗಿನ ನಾಲ್ಕು ಬಾಚಿಹಲ್ಲು, ಒಂದೊಂದನ್ನೇ
ಕ್ಯಾಲಿಪರಿನ ಕೊಕ್ಕಿನಲ್ಲಿ ಹಿಡಿದು ಕೂಡಿದೆ.
ಇಪ್ಪತ್ಮೂರು ಪಾಯಿಂಟ್ ಆರು ಮಿಲಿಮೀಟರು.
ಅರ್ಧ ಮಾಡು, ಹತ್ತೂವರೆ ಸೇರಿಸು:
ಒಸಡಿನ ಕತ್ತಲಲ್ಲಿ ಸರದಿ ಕಾಯುವ
ಕೋರೆ, ಅದರ ಬೆನ್ನಿಗೆ ಇನ್ನೆರಡು,
ಮೂರಕ್ಕೂ ಸೇರಿ ಇಪ್ಪತ್ತೆರಡು ಪಾಯಿಂಟ್ ಮೂರು ಬೇಕು.
ಇರುವ ಜಾಗ ಇಪ್ಪತ್ತೊಂದೂ ಇಲ್ಲ.

"ಈ ಹತ್ತೂವರೆ ಎಲ್ಲಿಂದ ಬಂತ್ರಿ ಮೇಡಂ?"

ಪರೀಕ್ಷೆಯಲ್ಲಿ ಯಾರೂ ಕೇಳದ ಪ್ರಶ್ನೆ.
ಸಮುದ್ರದಾಚೆಯ ಐದುನೂರು ಚಿಲ್ಲರೆ ಮಕ್ಕಳದು, ಎಂದೆ.
ನಮ್ಮವರಿಗೂ ಅದನ್ನೇ ಹಚ್ಚುತ್ತೇವೆ.

"ನಮ್ಮ ಕಡೀಗೂ ಹಂಗ.
ಯಾವುದೋ ದೇಶದ ಸೊಂಟ, ಲೇಬಲ್ ಮ್ಯಾಲ ಮೂವತ್ತೆರಡು,
ಸಿರುಗುಪ್ಪದ ಹುಡುಗ ಹಾಕ್ಕೊಂಡ್ರ ಜಾರತೈತಿ.
ಇಕಿ ಸಾಲಿ ಲಂಗ ನಾನು ನಂಬರ್ ನೋಡಿ ಹೊಲಿಯಂಗಿಲ್ಲ.
ನಾಕು ಬೆರಳು ಒಳಗ ಮಡಚಿರ್ತೀನಿ,
ಬೆಳದಂಗ ಬಿಚ್ಚೂದು."

ದವಡೆಗೆ ಒಳಮಡಿಕೆ ಎಲ್ಲಿದೆ ಎನ್ನಹೊರಟವಳು
ಸುಮ್ಮನಾದೆ.
ಇದೆ.
ಹಾಲಿನ ದವಡೆಹಲ್ಲು, ತನ್ನ ಜಾಗಕ್ಕೆ ಬರುವುದಕ್ಕಿಂತ
ತುಸು ಅಗಲ. ಅದು ಬಿದ್ದ ದಿನ ಉಳಿಯುತ್ತದೆ
ಸೋನಾಮಸೂರಿ ಕಾಳಿನಗಲದ ಒಂದು ಬಿಡುವು.
ಅದನ್ನೂ ನಾನು ಲೆಕ್ಕಕ್ಕೆ ಹಿಡಿದಾಗಿತ್ತು, ನಿಜ.
ಆದರೆ ಕಾಯದಿದ್ದರೆ
ಹಿಂದಿನ ಹಲ್ಲು ಸದ್ದಿಲ್ಲದೆ ಮುಂದೆ ಸರಿದು
ಆ ಕಾಳನ್ನೂ ತಿಂದುಬಿಡುತ್ತದೆ.

ಕೀಳುವ ಮಾತು ಬಿಟ್ಟು, ನಾಲಗೆಯ ಬದಿಗೆ
ಬಳಸಿ ಒಂದು ತಂತಿ ಕೂರಿಸಿದೆ.

ಎರಡೂವರೆ ವರ್ಷ.
ಬಿದ್ದ ಹಲ್ಲನ್ನೆಲ್ಲ ಸೆಗಣಿಯಲ್ಲಿಟ್ಟು
ಹೊಲಿಗೆ ಶೆಡ್ಡಿನ ತಗಡಿನ ಮೇಲೆ ಎಸೆದಳಂತೆ.
ಸೆಗಣಿ ಕಡಿಮೆಯಾದಾಗ ಟಣ್ ಎನ್ನುತ್ತಿತ್ತಂತೆ.

ಮೊನ್ನೆ ಬಂದಿದ್ದಳು. ಮೂರೂ ಹೊರಗೆ.
ಕೊಕ್ಕು ತೆರೆದು ಹಿಡಿದೆ: ಇಪ್ಪತ್ತೊಂದೂವರೆ.
ಸೂತ್ರ ಎಂಟು ದಶಾಂಶ ಹೆಚ್ಚು ಹೇಳಿತ್ತು.
ಕೋರೆ ಕೊಂಚ ಓರೆ. "ಇರಲಿ ಬಿಡ್ರಿ" ಎಂದಳು,
ಕನ್ನಡಿಯಲ್ಲಿ ಅದಕ್ಕೆ ನಾಲಗೆ ತಾಗಿಸಿ.

ಸ್ಟಾಫ್ ರೂಮಿನ ಬೀರುವಿನಲ್ಲಿ ನನ್ನದೊಂದು ನೋಟ್‌ಬುಕ್ಕಿದೆ.
ಕಂಪ್ಲಿ, ಕುರುಗೋಡು, ಸಂಡೂರು, ಊರಿನ ಬದಿಗೆ ಹಲ್ಲು.
ಇವಳು ನಲವತ್ತೊಂದನೆಯವಳು. ಸೂತ್ರಕ್ಕೆ ಏನೇನೂ ಸಾಲದು.

ಹೋಗುವಾಗ ಹಳೆಯ ಅಚ್ಚು ಕೇಳಿದಳು.
ದಾಖಲೆ, ಕೊಡಬಾರದು.
ಕೊಟ್ಟೆ.

ಕಟಿಂಗ್ ಮೇಜಿನ ಮೇಲೆ ಕೂತಿದೆಯಂತೆ ಈಗ,
ಒಂಬತ್ತು ವರ್ಷದ ಆ ಬಾಯಿ,
ಅಪ್ಪನ ಗುರುತು ಹಾಕುವ ಸೀಮೆಸುಣ್ಣ ಕಚ್ಚಿಕೊಂಡು.